ಚಿಲಕ ಹಾಕುವವಳು

ಸದಾಶಿವ ಪೇಠೆಯ ಕರಂದೀಕರ ವಾಡೆಯೆಂಬ ಹಳೇ ಮನೆಯ ಮಾಳಿಗೆಯ ಮೇಲೆ ಮೂರು ಮಂಚ, ಮೂವರು ಹುಡುಗಿಯರು. ಆದರೆ ಆ ಕೋಣೆಗೆ ಬರುತ್ತಿದ್ದ ನಿದ್ದೆ ಮೂವರಿಗೂ ಸಮನಾಗಿ ಹಂಚಿಕೆಯಾಗುತ್ತಿರಲಿಲ್ಲ. ಜಾಲ್ನಾದ ಮಯೂರಿ ದಿಂಬಿಗೆ ತಲೆ ಕೊಟ್ಟರೆ ಬಿಸಿಲು ಮುಖಕ್ಕೆ ಬೀಳುವ ತನಕ ಮಿಸುಕುತ್ತಿರಲಿಲ್ಲ. ಸಾಂಗೋಲೆಯ ಕೋಮಲ್ ಮಲಗುತ್ತಿದ್ದುದು ಕಡಿಮೆ, ಮಲಗಿದಷ್ಟು ಹೊತ್ತು ಮಾತ್ರ ಕಲ್ಲಿನ ಹಾಗೆ. ಉಳಿದ ಚೂರುಪಾರು ಉಜ್ವಲಾಳ ಪಾಲಿಗೆ.

ಬಾರ್ಶಿಯಲ್ಲಿ ಉಜ್ವಲಾಳ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ನಿದ್ದೆ ಅನ್ನುವವಳು ಬಳೆಗಾರ್ತಿಯ ವೇಷ ಹಾಕಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು ಓಣಿ ಓಣಿ ತಿರುಗುತ್ತಾಳಂತೆ. ಮಲಗಿದವರ ಕೈಗೆಲ್ಲ ತಾನೇ ಬಳೆ ತೊಡಿಸುತ್ತಾಳಂತೆ. ಮಕ್ಕಳಿಗೆ ಹಸಿರು, ಬಸುರಿಗೆ ಕೆಂಪು, ಮುದುಕರಿಗೆ ಮುಟ್ಟಿದರೆ ಒಡೆಯುವಂಥ ತೆಳ್ಳನೆಯ ಗಾಜು. ಬಾಗಿಲು ಕಾಯುತ್ತ ಕೂತವಳ ಸರದಿ ಬರುವಷ್ಟರಲ್ಲಿ ಬುಟ್ಟಿಯ ತಳದಲ್ಲಿ ಒಡಕು ಚೂರುಗಳಷ್ಟೇ. ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪುಟ್ಟ ಉಜ್ವಲಾ ಅದನ್ನು ಕೇಳಿ ಹಾಯಾಗಿ ನಿದ್ದೆ ಹೋಗುತ್ತಿದ್ದಳು.

ಈಗ ಬಾಗಿಲು ಕಾಯುವವಳು ಅವಳೇ. ಕೆಲಸವೇನೂ ದೊಡ್ಡದಲ್ಲ. ಬೆಳಕು ಹರಿಯುವ ಮುನ್ನ ಕೋಮಲ್ ಏಳುತ್ತಾಳೆ. ಓಣಿಯ ತುದಿಯ ಅಭ್ಯಾಸಿಕೆಯಲ್ಲಿ, ಅಂದರೆ ದುಡ್ಡು ಕೊಟ್ಟು ಕೂತು ಓದುವ ಕೋಣೆಯಲ್ಲಿ, ಫ್ಯಾನಿನ ಕೆಳಗಿನ ಕುರ್ಚಿ ಮೊದಲು ಬಂದು ಚೀಲ ಇಟ್ಟವರದು. ತಡವಾಗಿ ಹೋದವರು ಇಡೀ ದಿನ ಕಕ್ಕಸಿನ ಗೋಡೆಗೆ ಬೆನ್ನು ಕೊಟ್ಟು ರಾಜ್ಯಶಾಸ್ತ್ರ ಓದಬೇಕು. ಹೊರಡುವಾಗ ಕೋಮಲ್ ಉಜ್ವಲಾಳ ಪಾದ ಹಿಡಿದು ಅಲುಗಿಸುತ್ತಾಳೆ. "ಅಕ್ಕಾ, ಹೊಂಟೆ. ಚಿಲಕ." ಉಜ್ವಲಾ ಎದ್ದು ಅವಳ ಹಿಂದೆಯೇ ಹೋಗಿ, ಒಳಗಿನಿಂದ ಚಿಲಕ ಹಾಕಿ ಬಂದು ಮಲಗುತ್ತಾಳೆ. ಅಷ್ಟೇ. ಆದರೆ ಒಮ್ಮೆ ಎದ್ದ ಮೇಲೆ ನಿದ್ದೆ ಅವಳ ಮಂಚದ ಕಡೆಗೆ ತಿರುಗಿಯೂ ನೋಡುವುದಿಲ್ಲ. ಮಗ್ಗುಲು ಬದಲಿಸುತ್ತ, ಮಯೂರಿಯ ಗೊರಕೆ ಕೇಳುತ್ತ, ಕೆಳಗೆ ಮನೆಯೊಡತಿ ಕಾಕು ಬಕೆಟ್ಟು ಇಡುವ ಸದ್ದಿಗಾಗಿ ಕಾಯುತ್ತ ಮಲಗಿರುತ್ತಾಳೆ. ಮಧ್ಯಾಹ್ನ ಪುಸ್ತಕದ ಮೇಲೆ ಅಕ್ಷರಗಳು ಇರುವೆಗಳಾಗುತ್ತವೆ.

ಹೊರಗಿನಿಂದ ಬೀಗ ಜಡಿದು ಹೋಗೋಣವೆಂದರೆ ಕಕ್ಕಸು ಇರುವುದು ಕೆಳಗಿನ ಅಂಗಳದಲ್ಲಿ, ಒಳಗಿದ್ದವರ ಗತಿಯೇನು? ಎರಡೂ ಕಡೆಯಿಂದ ತೆರೆಯುವಂಥ ಹೊಸ ಲಾಕು ಕೂರಿಸೋಣವೆಂದರೆ ಕದದ ಮರ ಮುಟ್ಟಿದರೆ ಪುಡಿ. ಬಡಗಿಯೊಬ್ಬ ಬಂದು, ಬೆರಳಿನಿಂದ ಎರಡು ಕಡೆ ತಟ್ಟಿ, ಏನೂ ಮಾತಾಡದೆ ಚಹಾ ಕುಡಿದು ಹೋಗಿದ್ದ.

"ಬಿಲ್ಡರ್ ಬಂದು ಕೆಡವೋ ಮನಿಗೆ ಹೊಸ ಬಾಗಿಲಾ ಯಾರು ಹಾಕಸ್ತಾರವಾ" ಅನ್ನುತ್ತಿದ್ದರು ಮನೆಯೊಡತಿ ಕರಂದೀಕರ ಕಾಕು. ಬಿಲ್ಡರ್ ಬರುವ ಸುದ್ದಿ ಉಜ್ವಲಾ ಈ ಕೋಣೆಗೆ ಬಂದಾಗಿನಿಂದಲೂ ಇತ್ತು. ಬಿಲ್ಡರ್ ಮಾತ್ರ ಬಂದಿರಲಿಲ್ಲ.

ಬರುತ್ತಿದ್ದವರು ಕಳ್ಳರು. ಪೇಠೆಯ ಕಳ್ಳರು ಕನ್ನ ಕೊರೆಯುವವರಲ್ಲ, ಬೀಗ ಮುರಿಯುವವರೂ ಅಲ್ಲ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರ ಕೋಣೆಗಳಲ್ಲಿ ಮೊದಲು ಏಳುವವರು ಕುರ್ಚಿ ಹಿಡಿಯಲು ಓಡುತ್ತಾರೆ, ಉಳಿದವರು ಎದ್ದು ಚಿಲಕ ಹಾಕುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬೆನ್ನಿಗೊಂದು ಚೀಲ, ಕಿವಿಯಲ್ಲೊಂದು ವೈರು, ಥೇಟ್ ಓದುವ ಹುಡುಗರ ಹಾಗೆಯೇ ಮೆಟ್ಟಿಲು ಹತ್ತಿ ಬರುತ್ತಾರೆ. ಕದವನ್ನು ಒಂದು ಬೆರಳಿನಿಂದ ತಳ್ಳಿ ನೋಡುತ್ತಾರೆ. ತೆರೆದರೆ ಒಳಗೆ, ಇಲ್ಲವಾದರೆ ಮುಂದಿನ ವಾಡೆ. ಯಾರಾದರೂ ಎದ್ದು ಕೇಳಿದರೆ, ಮೆಸ್ಸಿನ ಖಾಲಿ ಡಬ್ಬಿ ಒಯ್ಯಲು ಬಂದಿದ್ದೆ ಅನ್ನುತ್ತಾರೆ.

ಹೋದ ವರ್ಷ ಕೆಳಗಿನ ಕೋಣೆಯ ಹುಡುಗರ ಫೋನುಗಳೆಲ್ಲ ಹೀಗೇ ಹೋಗಿದ್ದವು. ಹುಡುಗರ ಅಪ್ಪಂದಿರು ಬಂದು ಕಾಕು ಅವರ ಮೇಲೆಯೇ ಕೂಗಾಡಿದ್ದರು. ಅಂದಿನಿಂದ ಕಾಕು ಒಂದು ಮಾತು ಹೇಳಿಟ್ಟಿದ್ದರು: ಬಾಗಿಲು ತೆರೆದಿಟ್ಟವರು ಯಾರೇ ಇರಲಿ, ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಬೇಕು.

ಮೂವರೂ ತಮ್ಮ ತಮ್ಮ ಬುದ್ಧಿ ಓಡಿಸಿದ್ದರು. ಕೋಮಲ್ ಫೋನನ್ನು ಅವಲಕ್ಕಿ ಚೂಡಾದ ಡಬ್ಬಿಯೊಳಗೆ ಇಡುತ್ತಿದ್ದಳು. ಅಲಾರಾಂ ಹೊಡೆದಾಗ ಡಬ್ಬಿ ಇಡಿಯಾಗಿ ಗುಂಯ್‌ಗುಟ್ಟುತ್ತಿತ್ತು. ಮಯೂರಿ ಲ್ಯಾಪ್‌ಟಾಪನ್ನು ಒಗೆಯುವ ಬಟ್ಟೆಯ ಬಕೆಟ್ಟಿನಲ್ಲಿ ಹೂತಿಡುತ್ತಿದ್ದಳು. ಒಂದು ಸಲ ಉಜ್ವಲಾ ಅದೇ ಬಕೆಟ್ಟಿಗೆ ಸೋಪಿನ ನೀರು ಸುರಿಯಲು ಹೋದಾಗ ಮಯೂರಿ ಹಾರಿ ಬಂದು ಕೈ ಹಿಡಿದಿದ್ದಳು.

"ನನ್ನ ಸಾಕ್ಸ್ ವಾಸನಿಗೆ ಕಳ್ಳ ಇರ್ಲಿ, ಪೊಲೀಸ್ ನಾಯಿನೂ ಹತ್ರ ಬರಂಗಿಲ್ಲ ಅಂತ ನಾ ನಿಶ್ಚಿಂತಿ ಇದ್ದೆ. ನೀನು ಬಂದಿ ನೋಡು ಮನೀ ಕಳ್ಳಿ."

"ಹಂಗಾರ ನಿನ್ನ ಬಟ್ಟಿ ನೀನು ಒಕ್ಕೋ" ಎಂದಿದ್ದಳು ಉಜ್ವಲಾ. ಆದರೂ ಒಗೆದವಳು ಅವಳೇ.

ಉಜ್ವಲಾಳ ಬಳಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ. ಗಾಜು ಸೀಳಿದ ಒಂದು ಫೋನು, ಬಣ್ಣ ಬಿಟ್ಟ ಟ್ರಂಕು, ಪುಸ್ತಕ. ಕಳೆದುಕೊಳ್ಳಬಾರದ್ದು ಅವಳಿಗೆ ಒಂದೇ ಇತ್ತು, ಈ ಕೋಣೆ. ವಯಸ್ಸಿನ ಲೆಕ್ಕದಲ್ಲಿ ಈ ಸಲದ ಮುಖ್ಯ ಪರೀಕ್ಷೆಯೇ ಅವಳ ಕೊನೆಯದು, ಸಂಕ್ರಾಂತಿಯ ಹೊತ್ತಿಗೆ. ಬಾರ್ಶಿಯಲ್ಲಿ ಸೋದರಮಾವ ಒಂದು ಸಂಬಂಧ ನೋಡಿಟ್ಟಿದ್ದ; ಪಂಪ್‌ಸೆಟ್ಟಿನ ಅಂಗಡಿ, ಹೆಂಡತಿ ತೀರಿಕೊಂಡವನು, ಒಳ್ಳೆಯ ಮನುಷ್ಯನಂತೆ. ಪರೀಕ್ಷೆ ಆಗುವ ತನಕ ಯಾರೂ ಸುದ್ದಿ ಎತ್ತಬಾರದು ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ನಡುವೆ ಈ ಕೋಣೆ ತಪ್ಪಿದರೆ, ಎರಡೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಹೋಗುವವಳಿಗೆ ಪೇಠೆಯಲ್ಲಿ ಯಾರೂ ಮಂಚ ಕೊಡರು. ಊರಿಗೆ ಹೋಗಬೇಕು. ಒಮ್ಮೆ ಊರಿಗೆ ಹೋದರೆ ಮರಳುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಹಿಂದಿನ ಸಂಜೆ ಕರೆಂಟು ಹೋಗಿ ತಡವಾಗಿ ಬಂದದ್ದರಿಂದ ಮಯೂರಿ ಲ್ಯಾಪ್‌ಟಾಪನ್ನು ಬಕೆಟ್ಟಿಗೆ ಹಾಕದೆ ನೆಲದ ಮೇಲೆಯೇ ಚಾರ್ಜಿಗೆ ಇಟ್ಟು ಮಲಗಿದ್ದಳು. ಬೆಳಗಿನ ಜಾವ ಕೋಮಲ್ ಎಂದಿನಂತೆ ಪಾದ ಅಲುಗಿಸಿದಳು.

"ಅಕ್ಕಾ, ಹೊಂಟೆ. ಚಿಲಕ."

"ಹೂಂ" ಎಂದಳು ಉಜ್ವಲಾ.

ಏಳಬೇಕು ಅಂದುಕೊಂಡಳು. ಅಂದುಕೊಂಡದ್ದೇ ಎದ್ದಂತೆಯೂ ಆಯಿತು. ಕನಸಿನಲ್ಲಿ ಅವಳು ಎದ್ದು, ತಣ್ಣನೆಯ ನೆಲದ ಮೇಲೆ ಹೆಜ್ಜೆಯಿಟ್ಟು, ಚಿಲಕ ಹಾಕಿ, ಮರಳಿ ಬಂದು ಹೊದಿಕೆಯೊಳಗೆ ಸೇರಿದಳು. ಎಷ್ಟು ದಿನಗಳ ಮೇಲೆ ನಿದ್ದೆ ಅವಳ ಕೈ ಹಿಡಿದು ಬಳೆ ತೊಡಿಸುತ್ತಿತ್ತು, ಅದೂ ಚೂರಲ್ಲ, ಇಡೀ ಬಳೆ. ಯಾರೋ ಕದ ತಳ್ಳಿದರು. ಕೋಮಲ್ ಏನೋ ಮರೆತು ಬಂದಿರಬೇಕು. ನೆಲದ ಮೇಲೆ ಮೆತ್ತಗೆ ಓಡಾಡಿದ ಸದ್ದು. ಚೀಲದ ಜಿಪ್ಪು. ತೆರೆದ ಬಾಗಿಲಿನಿಂದ ಗಾಳಿ ನೇರವಾಗಿ ಉಜ್ವಲಾಳ ಬೆನ್ನಿಗೆ ಬಡಿಯುತ್ತಿತ್ತು. ಅವಳು ಗೋಡೆಯ ಕಡೆ ಹೊರಳಿ, ಕಣ್ಣು ತೆರೆಯದೆ, ಹೊದಿಕೆಯೊಳಗಿನಿಂದಲೇ ಹೇಳಿದಳು.

"ಚಳಿ ಬರಾಕತ್ತೇತಿ. ಬಾಗಿಲಾ ಎಳಕೊಂಡು ಹೋಗು."

ಸದ್ದು ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೆಲ್ಲನೆ, ಬಹಳ ವಿನಯದಿಂದ, ಗಂಡು ದನಿಯೊಂದು ಅಂದಿತು.

"ಹೂಂ ಅಕ್ಕಾ."

ಕದ ಮೆತ್ತಗೆ ಮುಚ್ಚಿಕೊಂಡಿತು. ಉಜ್ವಲಾ ಮಲಗಿಯೇ ಇದ್ದಳು. ಕೋಮಲ್‌ಗೆ ನೆಗಡಿಯಾಗಿದೆ, ಗಂಟಲು ಕಟ್ಟಿದೆ, ಮೆಣಸಿನ ಕಷಾಯ ಮಾಡಿಕೊಡಬೇಕು ಎಂದು ನಿದ್ದೆಯಲ್ಲೇ ಯೋಚಿಸಿದ್ದು ಮಾತ್ರ ನೆನಪು.

ಬಿಸಿಲು ಬಂದು ಮುಖ ಸುಟ್ಟಾಗ ಮಯೂರಿ ಎದ್ದಳು. ನೆಲದ ಮೇಲೆ ಚಾರ್ಜರಿನ ವೈರು ಕೂಡ ಇರಲಿಲ್ಲ.

"ಅಕ್ಕಾ, ನನ್ನ ಲ್ಯಾಪ್‌ಟಾಪ್ ಬಕೆಟ್‌ನ್ಯಾಗ ಇಟ್ಟಿಯೇನು?"

ಉಜ್ವಲಾ ಬಾಗಿಲಿನ ಕಡೆ ನೋಡಿದಳು. ಚಿಲಕ ತನ್ನ ಕೊಂಡಿಯಿಂದ ಹೊರಗೆ ಸುಮ್ಮನೆ ತೂಗಾಡುತ್ತಿತ್ತು. ಆ ಗಂಡು ದನಿ ಅವಳಿಗೆ ಆಗ ನೆನಪಾಯಿತು.

ಚೂಡಾದ ಡಬ್ಬಿಯೂ ಹೋಗಿತ್ತು. ಫೋನನ್ನು ಕೋಮಲ್ ಎಂದಿನಂತೆ ಜೊತೆಗೇ ಒಯ್ದಿದ್ದಳು, ಆದರೆ ಹಿಂದಿನ ರಾತ್ರಿ ತನ್ನ ಹಬ್ಬದ ಜುಮುಕಿಗಳನ್ನು ಅದರಲ್ಲಿ ಇಟ್ಟಿದ್ದಳು. ಕಳ್ಳ ಹಸಿದಿದ್ದನೋ, ಬುದ್ಧಿವಂತನೋ, ಯಾರಿಗೂ ತಿಳಿಯಲಿಲ್ಲ. ಉಜ್ವಲಾಳ ಸೀಳು ಫೋನು ಕಿಟಕಿಯಲ್ಲಿ ಇಟ್ಟಲ್ಲೇ ಇತ್ತು.

ಪೊಲೀಸ್ ಚೌಕಿಯಲ್ಲಿ ಹವಾಲ್ದಾರ ಕೂತಲ್ಲಿಂದಲೇ ಕೇಳಿದ. "ಕೊಂಡಿ ಮುರದಾನೇನು?"

"ಇಲ್ರಿ" ಎಂದಳು ಮಯೂರಿ.

"ಕಿಡಕಿ?"

"ಇಲ್ರಿ."

"ಅಂದ್ರ ಬಾಗಿಲಾ ತೆರದಿತ್ತು. ಎಲ್ಲಾರದೂ ಇದ ಹಾಡು. ಏನ್ ಓದ್ತೀರಿ?"

"ಫೌಜದಾರ ಪರೀಕ್ಷಾಕ್ಕ."

ಹವಾಲ್ದಾರ ಪೆನ್ನು ಕೆಳಗಿಟ್ಟು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಹಂಗಾರ ಲಗೂನ ಪಾಸಾಗಿ ಬಂದು ನೀವ ಹುಡುಕ್ರಿ ಮೇಡಂ. ನಾವೂ ನಿಂತು ಸಲ್ಯೂಟ್ ಹೊಡಿತೀವಿ."

ಬರುವ ದಾರಿಯಲ್ಲಿ ಮಯೂರಿ ಒಂದು ಮಾತೂ ಆಡಲಿಲ್ಲ. ಅಣ್ಣ ತನ್ನ ಬೈಕು ಮಾರಿ ಕೊಡಿಸಿದ್ದ ಲ್ಯಾಪ್‌ಟಾಪು ಅದು. ಅವಳು ಮಾತಾಡದಿದ್ದರೆ ಓಣಿಯೇ ಖಾಲಿಯೆನಿಸುತ್ತಿತ್ತು.

ವಾಡೆಯ ಅಂಗಳದಲ್ಲಿ ಕಾಕು ಕಾಯುತ್ತಿದ್ದರು. ಅಭ್ಯಾಸಿಕೆಯಿಂದ ಓಡಿ ಬಂದಿದ್ದ ಕೋಮಲ್ ತುಳಸಿಕಟ್ಟೆಯ ಪಕ್ಕದಲ್ಲಿ ನಿಂತಿದ್ದಳು, ಚೀಲ ಇನ್ನೂ ಬೆನ್ನ ಮೇಲೆ.

"ಮೊದಲ ಯಾರು ಹೊರಗ ಬಿದ್ದವರು?" ಕಾಕು ಕೇಳಿದರು.

"ನಾನ ಕಾಕು" ಎಂದಳು ಕೋಮಲ್. "ಆದ್ರ ಅಕ್ಕನ್ನ ಎಬ್ಬಿಸೇ ಹೋಗೀನಿ. ಕಾಲ ಹಿಡದು ಅಳ್ಳಾಡಿಸೀನಿ. ಹೂಂ ಅಂದ್ಲು."

ಕಾಕು ಉಜ್ವಲಾಳ ಕಡೆ ತಿರುಗಿದರು. "ಎಬ್ಬಿಸಿದ್ಲೇನು?"

ಎಲ್ಲರೂ ಅವಳನ್ನೇ ನೋಡಿದರು. ತಿಂಗಳ ಕೊನೆ ಎಂದರೆ ಇನ್ನು ಎಷ್ಟು ದೂರ. ಪಂಪ್‌ಸೆಟ್ಟಿನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತ ಮಾವನ ಮುಖ ಕಣ್ಣ ಮುಂದೆ ಬಂತು.

"ನೆಪ್ಪಿಲ್ಲ ಕಾಕು" ಎಂದಳು.

ಕೋಮಲ್ ಒಮ್ಮೆ ಉಜ್ವಲಾಳನ್ನು ನೋಡಿ, ಆಮೇಲೆ ತನ್ನ ಚಪ್ಪಲಿಗಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಉಜ್ವಲಾಳಿಗೆ ಹಗುರಾಗುತ್ತಿತ್ತು.

"ಸಣ್ಣ ಹುಡುಗಿ, ಖರೆ," ಕಾಕು ಸೆರಗಿನಿಂದ ಕತ್ತು ಒರೆಸಿಕೊಂಡರು. "ಆದ್ರ ಮಾತಂದ್ರ ಮಾತು. ನಿಮ್ಮಪ್ಪಗ ಫೋನ್ ಮಾಡವಾ. ತಿಂಗಳ ಕಡಿಗೆ ಬಂದು ಕರಕೊಂಡು ಹೋಗ್ಲಿ."

ಮಧ್ಯಾಹ್ನ ಮೆಸ್ಸಿನ ಡಬ್ಬಿಗಳು ಬಂದವು. ಯಾರೂ ತೆರೆಯಲಿಲ್ಲ. ಮಯೂರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೋಮಲ್ ತನ್ನ ಮಂಚದ ಮೇಲೆ ಕೂತು ಪುಸ್ತಕಗಳನ್ನು ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಜೋಡಿಸುತ್ತಿದ್ದಳು, ಅಳದೆ, ಅವಸರವಿಲ್ಲದೆ. ಉಜ್ವಲಾ ಪುಸ್ತಕ ತೆರೆದು ಅದೇ ಪುಟವನ್ನು ನೋಡುತ್ತ ಕೂತಳು. ದಣಿವು ಎಲುಬಿನೊಳಗೆ ಸೀಸ ಸುರಿದಂತೆ ಕೂತಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗೊತ್ತಿರುವವನು ಒಬ್ಬ ಕಳ್ಳ. ಅವನೇನೂ ಸಾಕ್ಷಿ ಹೇಳಲು ಬರುವುದಿಲ್ಲ. ಆದರೆ ಈ ಹುಡುಗಿಯನ್ನು ಕಳಿಸಿ ಉಳಿಸಿಕೊಂಡ ಕೋಣೆಯಲ್ಲಿ ಕೂತು ಏನು ಓದುವುದು, ಓದಿದ್ದು ತಲೆಗೆ ಹೇಗೆ ಹತ್ತುವುದು. ಪುಸ್ತಕ ಮುಚ್ಚಿ ಕೆಳಗಿಳಿದಳು.

ಕಾಕು ಜೋಕಾಲಿಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಉಜ್ವಲಾ ನೆಲಕ್ಕೆ ಕೂತು ಒಂದು ಕಟ್ಟು ಕೈಗೆತ್ತಿಕೊಂಡಳು.

"ಕೋಮಲ್ ಎಬ್ಬಿಸಿದ್ಲು ಕಾಕು. ನಾನ ಏಳಲಿಲ್ಲ."

ಕಾಕು ಕೈ ನಿಲ್ಲಿಸಲಿಲ್ಲ. "ಹೂಂ."

"ಅಷ್ಟ ಅಲ್ಲ. ಅವ ಒಳಗ ಬಂದಾಗ ನಾ ಅರ್ಧ ನಿದ್ದ್ಯಾಗ ಮಾತಾಡಿಸೀನಿ. ಕೋಮಲ್ ಅನ್ಕೊಂಡೆ. ಚಳಿ ಬರ್ತೇತಿ, ಬಾಗಿಲಾ ಎಳಕೊಂಡು ಹೋಗು ಅಂದೆ."

ಈಗ ಕೈ ನಿಂತಿತು. "ಕಳ್ಳಗ ಹೇಳಿದಿ?"

"ಹೌದ್ರಿ."

"ಎಳಕೊಂಡು ಹೋದ್ನಾ?"

"ಹೋದ. ಹೂಂ ಅಕ್ಕಾ ಅಂದು ಎಳಕೊಂಡು ಹೋದ."

ಜೋಕಾಲಿಯ ಸರಪಳಿ ಒಮ್ಮೆ ಕಿರುಗುಟ್ಟಿತು.

"ಅದಕ್ಕ," ಎಂದರು ಕಾಕು. "ನಾ ದಿನಾ ಹೂವು ಬಿಡಸಾಕ ಬಂದಾಗ ಮ್ಯಾಲ ನೋಡ್ತೀನಿ. ನಿಮ್ಮ ಬಾಗಿಲಾ ಒಂದು ಬೆರಳು ಸರದಿದ್ರೂ ನನಗ ಕಾಣಸ್ತದ. ಇವತ್ತೂ ನೋಡ್ದೆ. ಬಿಗಿ ಮುಚ್ಚಿತ್ತು. ಉಜ್ವಲಾ ಎದ್ದಾಳ ಅನ್ಕೊಂಡು ಪೂಜಾಕ್ಕ ಹೋದೆ."

"ನೀವು ದಿನಾ ನೋಡ್ತೀರಿ?"

"ಮತ್ತ? ಮಂದಿ ಮಕ್ಕಳನ್ನ ಇಟ್ಟಕೊಂಡೀನಿ. ನಿದ್ದಿ ಎಲ್ಲಿ ಬರ್ತದ."

ಉಜ್ವಲಾ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. ಇಷ್ಟು ದಿನ, ತಾನು ಮೇಲೆ ಕಣ್ಣು ಬಿಟ್ಟು ಮಲಗಿದ್ದ ಅದೇ ಹೊತ್ತಿಗೆ ಕೆಳಗೆ ಈ ಮುದುಕಿ ಕತ್ತೆತ್ತಿ ನಿಂತಿರುತ್ತಿದ್ದಳು. ಒಂದೇ ಬಾಗಿಲಿಗೆ ಇಬ್ಬರು ಕಾವಲು, ಒಬ್ಬರಿಗೊಬ್ಬರು ಗೊತ್ತಿಲ್ಲದೆ.

"ತಿಂಗಳ ಕಡಿಗೆ ನಾ ಖಾಲಿ ಮಾಡ್ತೀನಿ ಕಾಕು. ಕೋಮಲ್‌ನ ಬಿಡ್ರಿ."

"ಪರೀಕ್ಷಾ ಯಾವಾಗ ನಿಂದು?"

"ಸಂಕ್ರಾಂತಿ ಮುಂದ."

ಕಾಕು ಉಸಿರು ಬಿಟ್ಟರು. "ನೀ ಹೋದ್ರ ಮಂಚ ಖಾಲಿ ಅದ ಅಂತ ಮತ್ತ ಬೋರ್ಡ್ ಹಾಕ್ಬೇಕು. ಮತ್ತ ಯಾರದೋ ಅಪ್ಪ ಅವ್ವ ಬಂದು ಈ ಜೋಕಾಲಿ ಮ್ಯಾಲ ಕೂಡ್ತಾರ. ನೀರು ಬರ್ತದೇನು, ಓಣಿ ಚಲೋ ಅದ ಏನು, ಎದುರಿನ ಮನ್ಯಾಗ ಹುಡುಗರು ಇದ್ದಾರೇನು. ಎಲ್ಲಾ ಮೊದಲಿಂದ. ನನಗ ತ್ರಾಣ ಇಲ್ಲವಾ. ಯಾರೂ ಹೋಗಬ್ಯಾಡ್ರಿ." ಸೋಸಿದ ಎಲೆಗಳನ್ನು ಬುಟ್ಟಿಗೆ ಹಾಕಿದರು. "ಆದ್ರ ಮ್ಯಾಲ ಹೋಗಿ ಅವರಿಬ್ಬರಿಗೂ ನೀನ ಹೇಳ್ಬೇಕು. ಅದನ್ನ ನಾ ಹೇಳಂಗಿಲ್ಲ."

ಉಜ್ವಲಾ ಮೇಲೆ ಹೋಗಿ ನಿಂತುಕೊಂಡೇ ಹೇಳಿದಳು. ಮೊದಲು ಕೋಮಲ್‌ಗೆ, ತಾನು ಸುಳ್ಳು ಹೇಳಿದ್ದನ್ನು. ಆಮೇಲೆ ಮಯೂರಿಯ ಬೆನ್ನಿಗೆ, ಉಳಿದದ್ದನ್ನು. ಕೋಮಲ್ ಜೋಡಿಸಿದ ಪುಸ್ತಕಗಳ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ನೆಪ್ಪಿಲ್ಲ ಅಂದಾಗ ನನಗ ಸಂಶೇ ಬಂತು ಅಕ್ಕಾ, ಎಬ್ಬಿಸೀನೋ ಇಲ್ಲೋ ಅಂತ" ಎಂದಳು. ಅಷ್ಟೇ ಎಂದದ್ದು. ಆದರೆ ಪುಸ್ತಕಗಳನ್ನು ಕೂಡಲೇ ಬಿಚ್ಚಲಿಲ್ಲ.

ಮಯೂರಿ ತಿರುಗಿ ಎದ್ದು ಕೂತಳು. ಕಣ್ಣು ಬಾತಿದ್ದವು.

"ಅವ ಏನಂದ ಅಂದಿ?"

"ಹೂಂ ಅಕ್ಕಾ ಅಂದ."

"ನನ್ನ ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ನಿನಗ ಅಕ್ಕಾ ಅಂದ್ನಾ?"

"ಹೂಂ."

"ಚಲೋ ಮನತನದ ಹುಡುಗ ಇರ್ಬೇಕು." ಮಯೂರಿಯ ತುಟಿ ಅದುರಿತು, ನಗುವೋ ಅಳುವೋ ತಿಳಿಯಲಿಲ್ಲ. "ಒಂದು ಚಾ ಕುಡದು ಹೋಗು ಅನ್ಬೇಕಿತ್ತು."

"ಬೈ ಬೇಕಾದ್ರ."

"ಬೈದ್ರ ಬರ್ತೈತೇನು?" ಅವಳು ಹೊದಿಕೆಯ ಅಂಚಿನಿಂದ ಮೂಗು ಒರೆಸಿಕೊಂಡಳು. "ಸಿಟ್ಟು ಐತಿ ನಂಗ. ಭಾಳ ಐತಿ. ಅಣ್ಣಗ ಏನ್ ಹೇಳ್ಲಿ ನಾ?"

ಉಜ್ವಲಾಳಿಗೆ ತಪ್ಪಾಯಿತು ಅನ್ನುವುದು ಬಹಳ ಸಣ್ಣ ಮಾತಾಗಿ ಕಂಡಿತು. ಅವಳ ಬಾಯಿಂದ ಬಂದದ್ದು ಬೇರೆಯದೇ.

"ನಾಳಿಂದ ನಾ ಏಳಂಗಿಲ್ಲ ಮಯೂರಿ."

"ಅಂದ್ರ?"

"ಚಿಲಕ ಹಾಕಾಕ. ನನ್ನ ಕೈಲೆ ಆಗಂಗಿಲ್ಲ. ವರ್ಷಗಟ್ಟಲೆ ಎದ್ದೀನಿ. ಒಂದ ದಿನ ಏಳಲಿಲ್ಲ, ನೋಡು ಏನಾತು. ಈ ಪರೀಕ್ಷಾ ಹೋತಂದ್ರ ನನಗ ಇನ್ನೊಂದಿಲ್ಲ. ನಾ ಓದಾಕ ಬಂದೀನಿ, ಕಾಯಾಕ ಅಲ್ಲ."

"ಹಂಗಾರ ಯಾರ ಏಳ್ಬೇಕು?"

"ಗೊತ್ತಿಲ್ಲ."

"ಕಳ್ಳಗ ಬಾಗಿಲಾ ಹಾಕ್ಕೊಂಡು ಹೋಗು ಅಂತಿ, ನಮಗ ಏಳಂಗಿಲ್ಲ ಅಂತಿ" ಎಂದಳು ಮಯೂರಿ. ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಯಾರೂ ಏನನ್ನೂ ತೀರ್ಮಾನಿಸಲಿಲ್ಲ. ಸಂಜೆ ಮೂವರೂ ತಣ್ಣಗಾದ ಭಾಕರಿ, ಶೇಂಗಾ ಚಟ್ನಿ ತಿಂದರು. ಕೋಮಲ್ ಮಾತ್ರ ಮಲಗುವ ಮುಂಚೆ ಪುಸ್ತಕಗಳನ್ನು ಒಂದೊಂದಾಗಿ ಕಿಟಕಿಯ ಹಲಗೆಯ ಮೇಲೆ ಮರಳಿ ಇಟ್ಟಳು.

ಮರುದಿನ ಕತ್ತಲಿರುವಾಗಲೇ ಅಲಾರಾಂ ಹೊಡೆಯಿತು. ಉಜ್ವಲಾ ಅದಕ್ಕೂ ಮುಂಚೆಯೇ ಎಚ್ಚರವಾಗಿದ್ದಳು. ಕೋಮಲ್ ಮುಖ ತೊಳೆದು ಬಂದದ್ದು, ಸ್ವೆಟರ್ ಹಾಕಿಕೊಂಡದ್ದು, ಚೀಲ ಹೆಗಲಿಗೇರಿಸಿದ್ದು ಎಲ್ಲವನ್ನೂ ಕಣ್ಣು ಮುಚ್ಚಿಯೇ ಕೇಳಿಸಿಕೊಂಡಳು. ಆಮೇಲೆ ಸದ್ದು ನಿಂತಿತು. ಕೋಮಲ್ ಎರಡು ಮಂಚಗಳ ನಡುವೆ ನಿಂತಿದ್ದಾಳೆ, ಯಾರ ಪಾದ ಮುಟ್ಟಬೇಕೋ ತಿಳಿಯದೆ.

ಉಜ್ವಲಾ ಕಾಲು ಮಡಚಿಕೊಳ್ಳಲಿಲ್ಲ, ಚಾಚಲೂ ಇಲ್ಲ. ಉಸಿರನ್ನು ಮಲಗಿದವರ ಉಸಿರಿನಂತೆ ಉದ್ದಕ್ಕೆ ಬಿಡುತ್ತ ಕಾದಳು. ಅಭ್ಯಾಸಿಕೆಯ ಕುರ್ಚಿಗಳು ಒಂದೊಂದಾಗಿ ತುಂಬುತ್ತಿರಬೇಕು. ಏಳುವುದು ಎಷ್ಟು ಸುಲಭ. ಎದ್ದುಬಿಡಲೇ ಎಂದು ಮೈ ಕೇಳುತ್ತಿತ್ತು.

"ಮಯೂರಿ ಅಕ್ಕಾ" ಎಂದಳು ಕೋಮಲ್ ಪಿಸುದನಿಯಲ್ಲಿ. "ಹೊಂಟೆ. ಚಿಲಕ."

ಏನೂ ಇಲ್ಲ. ಇನ್ನೊಮ್ಮೆ ಕರೆದಳು. ಮಂಚ ಅಲುಗಿತು. ಒದ್ದ ಸದ್ದು, "ಅಯ್ಯಯ್ಯ" ಎಂದ ಕೋಮಲ್, ಜಾಲ್ನಾದ ಕಡೆಯ ಒಂದು ಒರಟು ಬೈಗುಳ. ಆಮೇಲೆ ಬರಿಗಾಲು ತಣ್ಣನೆಯ ನೆಲ ಮುಟ್ಟಿದ ಸದ್ದು, ಹಲ್ಲಿನ ನಡುವೆ ಎಳೆದ ಉಸಿರು. ಕದ ತೆರೆದು ಮುಚ್ಚಿತು. ಚಿಲಕ ಬಿತ್ತು.

ಮಯೂರಿ ತನ್ನ ಮಂಚಕ್ಕೆ ಹೋಗಲಿಲ್ಲ. ಬಂದು ಉಜ್ವಲಾಳ ಕಾಲ ಬದಿಗೆ ಕೂತು, ಅವಳ ಹೊದಿಕೆಯ ಅಂಚನ್ನೇ ಎಳೆದು ತನ್ನ ಪಾದಗಳ ಮೇಲೆ ಹಾಕಿಕೊಂಡಳು. ಕೆಳಗೆ ಅಂಗಳದಲ್ಲಿ ಬಕೆಟ್ಟು ಇಟ್ಟ ಸದ್ದಾಯಿತು.

"ಮಲಗಿಲ್ಲ ನೀ" ಎಂದಳು ಮಯೂರಿ. "ಗೊತ್ತೈತಿ."

"ಇಲ್ಲ."

"ನನ್ನ ನಿದ್ದಿ ಹೋತು. ಈಗ ಮಲಗಿದ್ರ ಬರ್ತೈತೇನು?"

"ನೋಡು ಮಲಗಿ."

"ನಿಂಗ ದಿನಾ ಬರ್ತಿತ್ತಾ?"

"ಬರ್ತಿದ್ದಿಲ್ಲ" ಎಂದಳು ಉಜ್ವಲಾ.